ಚತುರ್ದಶಿಯ ಸಲಿಕೆಗಳು

ಪಂಚಪರಮೇಷ್ಠಿಗಳಿಗೆ ವಂದನೆ. ಅಕ್ಷರ ಕಲಿಸಿದ ಗುರುಗಳಿಗೆ, ತಿಥಿ ಎಣಿಸಲು ಕಲಿಸಿದ ತಂದೆಗೆ, ನಾನು ಮಲಗಿ ಬೆಳೆದ ಗಾದಿಗಳಿಗೆ ಅರಳೆ ಹಿಂಜಿಕೊಟ್ಟ ನೆರೆಮನೆಯವರಿಗೆ, ಇಷ್ಟು ವರ್ಷ ನನ್ನ ಭಾರವನ್ನು ಹೊತ್ತ ಈ ಕರಿಮಣ್ಣಿಗೆ ನನ್ನ ಕೃತಜ್ಞತೆ. ಇವರೆಲ್ಲರ ಕೃಪೆಯಿಂದ ದೊರೆತ ಆಯುಷ್ಯದಲ್ಲಿ ಒಂದು ಬೇಸಿಗೆಯನ್ನು ನಾನು ಸೇಡಿಗಾಗಿ ಕಳೆದೆ. ಅದನ್ನೇ ಬರೆಯಲು ಕುಳಿತಿದ್ದೇನೆ. ಪಶ್ಚಾತ್ತಾಪದಿಂದ ಬರೆಯುತ್ತಿದ್ದೇನೆಂದು ಓದುವವರು ಭಾವಿಸಬಾರದು. ಆ ಭಾವ ಬರಲೆಂದು ಬಹಳ ಕಾದೆ. ಬಾರದಿದ್ದಾಗ ಲೇಖನಿ ಹಿಡಿದೆ.

ಮಸಗುಪ್ಪಿ ದಾಟಿ ಕಾಲುವೆಯ ದಾರಿಯಲ್ಲಿ ಬರುವ ಸಣ್ಣ ಊರು ನಮ್ಮದು. ಮನೆಯ ಪಡಸಾಲೆಯ ಒಂದು ಗೋಡೆಯುದ್ದಕ್ಕೂ ಮರದ ಗೂಟಗಳಿವೆ. ಅವುಗಳ ಮೇಲೆ ಸಲಿಕೆ, ಗುದ್ದಲಿಗಳು ಸಾಲಾಗಿ ಇರುತ್ತಿದ್ದವು. ಪ್ರತಿಯೊಂದರ ಹಿಡಿಯ ಮೇಲೂ ನನ್ನ ತಂದೆ ಕಾಯಿಸಿದ ಕಬ್ಬಿಣದಿಂದ ಮೂರು ಚುಕ್ಕೆಗಳನ್ನು ಸುಟ್ಟಿದ್ದರು. ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ ಎಂಬ ಮೂರು ರತ್ನಗಳ ಗುರುತು ಅದು. ಒಕ್ಕಲುತನ ಮಾಡುವ ಜೈನನಿಗೆ ಮಣ್ಣಿನೊಳಗಿನ ಜೀವಗಳ ಹಿಂಸೆ ತಪ್ಪಿದ್ದಲ್ಲ. ತಿಂಗಳಿಗೆ ನಾಲ್ಕು ದಿನವಾದರೂ ಅವುಗಳಿಗೆ ಅಭಯವಿರಲಿ ಎಂದು ತಂದೆ ಒಂದು ನೇಮ ಹಾಕಿದ್ದರು. ಎರಡು ಅಷ್ಟಮಿ, ಎರಡು ಚತುರ್ದಶಿ, ಈ ದಿನಗಳಲ್ಲಿ ನಮ್ಮ ಮನೆಯ ಕಬ್ಬಿಣ ಮಣ್ಣಿಗೆ ತಾಗಬಾರದು. ಹೊಲಕ್ಕೆ ಬಿಡುವು, ಸಲಿಕೆಗಳಿಗೂ ಬಿಡುವು. ತಂದೆ ಹೋದ ಮೇಲೆ ಹೊಲವನ್ನು ನನ್ನ ತಮ್ಮ ನೋಡಿಕೊಂಡ, ತಿಥಿಯನ್ನು ನಾನು ನೋಡಿಕೊಂಡೆ. ಆಗ ಆ ಹಂಚಿಕೆ ನ್ಯಾಯವೆಂದೇ ಇಬ್ಬರಿಗೂ ಕಂಡಿತ್ತು.

ನಾನು ಹುಕ್ಕೇರಿಯಲ್ಲಿ ಸಂಸ್ಕೃತ ಕಲಿಸುತ್ತಿದ್ದವನು. ಉದ್ಯೋಗ ಖಾತ್ರಿಯ ಕೆಲಸವನ್ನು ಮೊದಲು ಕಂಡದ್ದೂ ಅಲ್ಲಿಯೇ. ಬಡವರಿಗೆ ಕೊಡುವುದಾದರೆ ಕೊಡಲಿ, ಮಣ್ಣು ಹೊರಿಸಿ ಕೊಡುವುದೇಕೆ ಎಂದು ಆಗ ನಾನು ಮೂಗು ಮುರಿದಿದ್ದೆ. ಒಂದು ಬೆಳಿಗ್ಗೆ ಕೆರೆಯ ದಂಡೆಯಲ್ಲಿ ನಿಂತು ನೋಡಿದೆ. ಹೆಂಗಸರು ತಮ್ಮ ಪಾಲಿನ ಗುಂಡಿಯನ್ನು ತಾವೇ ಅಳೆದುಕೊಂಡು, ಬಿಸಿಲೇರುವ ಮೊದಲೇ ತೋಡಿ ಮುಗಿಸಿ, ಜಾಲಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಒಬ್ಬಳ ಬುತ್ತಿಗೆ ಇನ್ನೊಬ್ಬಳು ಕೈ ಹಾಕುತ್ತಿದ್ದಳು. ಯಾರ ಜಾತಿ ಯಾವುದೆಂದು ತಿಳಿಯದಂತೆ ಎಲ್ಲರ ಕೈಯೂ ಮಣ್ಣಾಗಿತ್ತು. ದಾನ ಪಡೆದವರ ಮುಖವನ್ನು ನಾನು ಬಸದಿಯ ಬಾಗಿಲಲ್ಲಿ ಬಹಳ ಕಂಡಿದ್ದೇನೆ. ಆ ಮುಖ ಇದಾಗಿರಲಿಲ್ಲ. ಅಂದಿನಿಂದ ಆ ಕೆಲಸದ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಗೌರವ ನಿಂತಿತು. ಜಮೀನುಳ್ಳವರಿಗೆ ಅದರ ಮೇಲೆ ಸಿಟ್ಟಿತ್ತೆಂಬುದೂ ನನಗೆ ಗೊತ್ತಿತ್ತು. ಕೆರೆಗೆ ಹೋಗುವ ಹೆಂಗಸು ಹೊಲಕ್ಕೆ ಕರೆದಾಗ ‘ಇಷ್ಟು ಕೊಟ್ಟರೆ ಬರುತ್ತೇನೆ’ ಎನ್ನಬಲ್ಲಳು. ಆ ಮಾತನ್ನು ಹೇಳುವ ಧೈರ್ಯವೇ ಆ ಕೆಲಸದ ನಿಜವಾದ ಫಲವೆಂದು ನನ್ನ ಎಣಿಕೆ.

ನಿವೃತ್ತನಾಗಿ ಊರಿಗೆ ಬಂದ ಮೇಲೆ ನಮ್ಮ ಬಾಜೂ ಮನೆಯ ವಿಧವೆ ಅದೇ ಕೆಲಸ ಮಾಡುತ್ತಿದ್ದಳು. ಮುಸಲ್ಮಾನರಲ್ಲಿ ಅರಳೆ ಹಿಂಜಿ ಗಾದಿ ಮಾಡುವ ಮನೆತನ ಅವರದು. ಗಂಡ ತೀರಿಕೊಂಡಿದ್ದ. ಹಾಸಿಗೆ ಹಿಡಿದ ಅತ್ತೆಯೊಬ್ಬಳೇ ಮನೆಯಲ್ಲಿ. ಊರ ಕೆರೆಯಲ್ಲಿ ಅಳತೆಯ ಕೆಲಸ. ಬೆಳಕು ಹರಿಯುತ್ತಲೇ ಹೋದರೆ ಹನ್ನೊಂದಕ್ಕೆಲ್ಲ ಮುಗಿಸಿ ಬಂದು ಅತ್ತೆಗೆ ನೀರು ಕುಡಿಸಿ ಮಗ್ಗುಲು ಬದಲಿಸುತ್ತಿದ್ದಳು. ಊರ ಕೆರೆಯ ಕೆಲಸವಿದ್ದರೆ ಮಾತ್ರ ಮುದುಕಿಯ ಮಧ್ಯಾಹ್ನ ಸುಸೂತ್ರ. ಇದನ್ನು ಓದುಗರು ನೆನಪಿಡಬೇಕು.

ಆ ಬೇಸಿಗೆಯಲ್ಲಿ ಒಂದು ದಿನ ಆಕೆ ಒಂದು ಕಾಗದ ಹಿಡಿದು ನಮ್ಮ ಜಗಲಿಗೆ ಬಂದಳು.

“ಮಾಸ್ತರ್ ಕಾಕಾ, ಇದರಾಗ ಏನ್ ಬರದಾರ ಓದ್ರಿ.”

ಕೆಲಸ ನೀಡಿದರೂ ಹಾಜರಾಗಿಲ್ಲ ಎಂದು ಬರೆದಿತ್ತು.

“ಎಲ್ಲಿ ಕೊಟ್ಟಿದ್ರವಾ ಕೆಲಸಾ?”

“ಅರಭಾವಿ ಆಚಿ, ಗುಡ್ಡದ ಬುಡಕ. ಎರಡ ಬಸ್ ಹತ್ತಿ ಇಳೀಬೇಕು. ನಮ್ಮ ಅತ್ತೀನ ಮಧ್ಯಾಹ್ನ ಯಾರ ಹೊಳ್ಳಿಸಿ ಮಲಗಸ್ತಾರ್ರಿ? ನಮ್ಮ ಕೆರ್ಯಾಗ ಕೊಡ್ರಿ ಅಂದೆ. ಅಲ್ಲಿ ಹೆಸರ ತುಂಬ್ಯಾವ ಅಂದ ಆ ಕೆರಿ ಉಸ್ತುವಾರಿಯಾಂವ.”

“ನಿನ್ನ ಒಬ್ಬಾಕೀನ ಯಾಕ ಬಿಟ್ಟ?”

“ಫೋಟೋಕ್ಕ ನಿಂದ್ರಂಗಿಲ್ಲ ಅಂದೆ, ಅದಕ್ಕ.”

ಆಮೇಲೆ ಆಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಈಗ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಬಾರಿ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದರೇ ಹಾಜರಿ. ಕೆರೆಯನ್ನು ಮುಸ್ಸಂಜೆಯ ಹೊತ್ತಿಗೆ ಯಂತ್ರ ಬಂದು ತೋಡುತ್ತಿತ್ತು. ಹೆಂಗಸರು ತಿಂಗಳಿಗೆ ನಾಲ್ಕು ದಿನ ಸಲಿಕೆ ಹಿಡಿದು ಆ ಗುಂಡಿಯಲ್ಲಿ ನಿಲ್ಲಬೇಕು. ಉಳಿದ ದಿನಗಳಲ್ಲಿ ಆ ಹಳೆಯ ಚಿತ್ರಗಳನ್ನೇ ಇನ್ನೊಂದು ಮೊಬೈಲಿನಿಂದ ಮತ್ತೆ ತೆಗೆದು ಕಳಿಸಲಾಗುತ್ತಿತ್ತು. ಹೆಂಗಸರು ಮಾತ್ರ ಸಂಜೆಯವರೆಗೆ ಒಂದು ದೊಡ್ಡ ಹೊಲದಲ್ಲಿ ಕಬ್ಬಿನ ಕಳೆ ತೆಗೆಯಬೇಕು.

“ಎಲ್ಲಾರೂ ಒಪ್ಪ್ಯಾರೇನು?”

“ಒಪ್ಪದ ಏನ್ ಮಾಡ್ತಾರ್ರಿ? ಇಲ್ಲಂದ್ರ ಕೆರೀನೂ ಇಲ್ಲ, ಹೊಲಾನೂ ಇಲ್ಲ. ನಿಂತಾಗ ಅವನೌನ, ‘ನಗಬ್ಯಾಡ್ರಿ, ದಣದವ್ರಂಗ ಮಾರಿ ಮಾಡ್ರಿ’ ಅಂತಾನ್ರಿ. ನಾ ದಣೀತೇನಿ ಕಾಕಾ, ದಣದಾಂಗ ಮಾಡಂಗಿಲ್ಲ.”

“ಯಾರ ಹೊಲದಾಗ ಕಳಿ ತಗ್ಯೂದು?”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. “ಯಾರದರೆ ಆಗ್ಲಿ ಬಿಡ್ರಿ.”

ತಿಂಗಳಿಗೆ ನಾಲ್ಕು ದಿನ ಎಂಬ ಮಾತು ನನ್ನ ಕಿವಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ.

ಮರುದಿನ ಆಕೆಯನ್ನು ಕರೆದುಕೊಂಡು ಪಂಚಾಯಿತಿ ಕಟ್ಟೆಗೆ ಹೋದೆ. ಕೆರೆ ಕೆಲಸದ ಉಸ್ತುವಾರಿಯ ತರುಣ ಅಲ್ಲಿದ್ದ. ಸಣ್ಣವನಿದ್ದಾಗ ಬೇಸಿಗೆ ರಜೆಯಲ್ಲಿ ನನ್ನ ಬಳಿ ಶ್ಲೋಕ ಹೇಳಿಸಿಕೊಂಡವನು.

“ಬರ್ರಿ ಗುರುಗಳ. ನೀವೂ ಹೆಸರ ಹಚ್ಚಾವ್ರೇನ್ರಿ? ವಯಸ್ಸಾದವ್ರಿಗೆ ಅಳತಿ ಕಡಿಮಿ ಐತ್ರಿ.” ಕಟ್ಟೆಯ ಮೇಲಿದ್ದವರು ನಕ್ಕರು.

“ಈಕಿ ಕೆಲಸಾ ಕೇಳಾಕತ್ತಾಳ.”

“ಕೊಟ್ಟೇವಲ್ರಿ. ಆಕಿ ಬರ್ಲಿಲ್ಲ. ಕಂಪ್ಯೂಟರದಾಗ ಹಂಗ ಐತಿ.”

“ಕಂಪ್ಯೂಟರದಾಗ ಇರ್ಲಿ. ಖರೆ ಏನೈತಿ ಹೇಳು.”

“ನಿಮ್ಮ ಖರೆ ಬಸದ್ಯಾಗ ಇಟ್ಕೋರಿ ಗುರುಗಳ. ಇಲ್ಲಿ ಮೊಬೈಲ್ ಏನ್ ಹೇಳತೈತಿ, ಅದ ಖರೆ.”

ಮತ್ತೆ ನಗು. ನಾನು ಕೋಪವನ್ನು ಗೆದ್ದವನೆಂದು ಊರಲ್ಲಿ ಹೆಸರು. ಆ ಹೆಸರಿನ ಆಸರೆಯಲ್ಲಿ ಮನೆಗೆ ನಡೆದು ಬಂದೆ.

ಕೆರೆಯ ಕೆಲಸ ಸಿಗಲಿಲ್ಲ. ಒಂದು ವಾರ ಕಳೆದ ಮೇಲೆ ಆಕೆ ಬೇರೆ ದಾರಿಯಿಲ್ಲದೆ ಉಳಿದ ಹೆಂಗಸರ ಹಿಂದೆ ಕಬ್ಬಿನ ಕಳೆಗೆ ಹೋದಳು. ಅದೇ ದಿನ ಮಧ್ಯಾಹ್ನ ಮುದುಕಿ ನೀರಿಗಾಗಿ ತೆವಳುತ್ತ ಮಂಚದಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಅಂಗಳಕ್ಕೆ ಬಿದ್ದಳು. ಕಿವಿ ಮಂದವಾದ ನಾನು ಗೋಡೆಯ ಈಚೆ ಗ್ರಂಥ ಓದುತ್ತ ಕುಳಿತಿದ್ದೆ. ಸೊಸೆ ಬರುವವರೆಗೆ ಆ ಬಿಸಿಲಿನಲ್ಲಿ ಮುದುಕಿ ಕವುಚಿ ಬಿದ್ದಿದ್ದಳು. ಗೋಕಾಕದ ದವಾಖಾನೆಯಲ್ಲಿ ಸೊಂಟದ ಎಲುಬು ಮುರಿದಿದೆ ಎಂದರು. ನಾನು ನೋಡಲು ಹೋದಾಗ ಮುದುಕಿ ನನ್ನ ಕೈ ಹಿಡಿದಳು. ನನಗಿಂತ ಹಿರಿಯಳು, ಇಂದಿಗೂ ನನ್ನನ್ನು ತಮ್ಮಾ ಎಂದೇ ಕರೆಯುತ್ತಾಳೆ.

“ತಮ್ಮಾ, ಬಾಯಾಗ ಮಣ್ಣ ಬಂದಿತ್ತೋ. ಉಗುಳಾಕ ಎಂಜಲಾನೂ ಇರ್ಲಿಲ್ಲ ಬಾಯಾಗ.”

ಅಂದು ಸಂಜೆ ಸಾಮಾಯಿಕಕ್ಕೆ ಕುಳಿತೆ. ಎಲ್ಲ ಜೀವಗಳಲ್ಲಿ ಸಮಭಾವವಿರಲಿ ಎಂದು ಧ್ಯಾನಿಸುವ ಹೊತ್ತು ಅದು. ನನ್ನ ಕಣ್ಣ ಮುಂದೆ ಬಂದದ್ದು ಆ ತರುಣನ ನಗುವ ಬಾಯಿ, ಮತ್ತು ಅದರ ತುಂಬ ತುರುಕಿದ ಕರಿಮಣ್ಣು. ಆ ಚಿತ್ರವನ್ನು ನಾನು ಓಡಿಸಲಿಲ್ಲ. ಸಾವಕಾಶವಾಗಿ, ಒಂದೊಂದು ಹಿಡಿ ಎಣಿಸಿ ತುರುಕಿದೆ. ಮನಸ್ಸಿಗೆ ಹಿತವಾಯಿತು.

ಆ ಕೆಲಸದ ಚಿತ್ರಗಳನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ನೋಡಬಹುದೆಂದು ಯಾರೋ ಹೇಳಿದ್ದರು. ಮೂಡಲಗಿಯ ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಗೆ ಹೋಗಿ ನಮ್ಮ ಕೆರೆಯ ಆ ಬೇಸಿಗೆಯ ಚಿತ್ರಗಳನ್ನೆಲ್ಲ ದೊಡ್ಡದಾಗಿ ತೆಗೆಸಿಕೊಂಡು ಬಂದೆ. ಜಗಲಿಯಲ್ಲಿ ಹರವಿ, ಓದುವ ಭೂತಗನ್ನಡಿ ಹಿಡಿದೆ. ಬಹಳಷ್ಟು ಚಿತ್ರಗಳ ಅಂಚಿನಲ್ಲಿ ಇನ್ನೊಂದು ಮೊಬೈಲಿನ ಚೌಕಟ್ಟು ಕಾಣುತ್ತಿತ್ತು. ಅವು ಚಿತ್ರದ ಚಿತ್ರಗಳು. ಅವನ್ನು ಬೇರೆ ಇಟ್ಟೆ. ನಿಜವಾಗಿ ಕೆರೆಯಲ್ಲೇ ತೆಗೆದವು ಕೆಲವೇ. ಅವುಗಳಲ್ಲಿ ಗುಂಡಿಯ ಗೋಡೆಯ ಮೇಲೆ ಯಂತ್ರದ ಹಲ್ಲಿನ ಗೀರುಗಳು ನೇರವಾಗಿ ಇಳಿದಿದ್ದವು. ಮುಂದೆ ಹೆಂಗಸರು, ಅವರ ಕೈಯಲ್ಲಿ ಸಲಿಕೆಗಳು. ಗಾಜನ್ನು ಒಂದು ಸಲಿಕೆಯ ಹಿಡಿಯ ಮೇಲೆ ಸರಿಸಿದೆ.

ಮೂರು ಚುಕ್ಕೆ.

ಇನ್ನೊಂದರ ಮೇಲೆ ಸರಿಸಿದೆ. ಮೂರು ಚುಕ್ಕೆ.

ತಾರೀಖು ಕಂಡಲ್ಲಿ ಪಕ್ಕಕ್ಕೆ ತಿಥಿ ಬರೆಯುವುದು ನನ್ನ ಹಳೆಯ ಅಭ್ಯಾಸ. ಪ್ರತಿ ಚಿತ್ರದ ತಾರೀಖಿನ ಪಕ್ಕ ತಿಥಿ ಬರೆದೆ. ಅಷ್ಟಮಿ. ಚತುರ್ದಶಿ. ಮತ್ತೆ ಅಷ್ಟಮಿ. ಬೇರೆ ತಿಥಿ ಒಂದೂ ಬರಲಿಲ್ಲ.

ನನ್ನ ತಮ್ಮ ಆಗಷ್ಟೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದ. ಚಿತ್ರಗಳನ್ನು ಅವನ ಮುಂದೆ ಹಿಡಿದೆ.

“ಸಲಿಕಿ ಯಾರ ಕೊಟ್ರು?”

ಅವನು ಅಡಗಿಸಲಿಲ್ಲ. “ನಾನ ಕೊಟ್ಟೆ ಅಣ್ಣಾ. ಹೆಂಗಸರ ಕೈಯಾಗ ಬರೇ ಕುಡುಗೋಲ ಇರ್ತಾವು. ಅವತ್ತ ನಮ್ಮ ಸಲಿಕಿ ಹೆಂಗೂ ಗೂಟದ ಮ್ಯಾಲ ಇರ್ತಾವಲ್ಲ, ನೀನೂ ದಿನಾಪೂರ್ತಿ ಬಸದ್ಯಾಗ ಇರ್ತಿ.”

“ಅಪ್ಪಾರ ನೇಮಾ?”

“ನೇಮಾ ಎಲ್ಲಿ ಮುರದೇನಿ? ಮಣ್ಣಿಗೆ ಹಚ್ಚಬ್ಯಾಡ್ರಿ, ಸುಮ್ನ ಹಿಡಕೊಂಡ ನಿಂದರ್ರಿ ಅಂತ ಕಟ್ಟುನಿಟ್ಟ ಹೇಳೇನಿ. ಒಂದ ಇರುವಿ ಸತ್ತಿಲ್ಲ. ಫೋಟೋದಾಗ ಯಾವ ಹಿಂಸಾ ಐತಿ?”

ಅವನು ಕುಚೋದ್ಯಕ್ಕೆ ಹೇಳಲಿಲ್ಲ. ನೇಮ ಉಳಿಸಿಕೊಂಡೆನೆಂಬ ನೆಮ್ಮದಿ ಅವನ ಮುಖದಲ್ಲಿತ್ತು. ಅದನ್ನು ಕಂಡೇ ನನ್ನ ಮೈ ಉರಿಯಿತು.

“ಬಾಜೂ ಮನಿ ಆಯಿ ಅಂಗಳದಾಗ ಬಿದ್ದಿದ್ಲಲ್ಲ. ಅವತ್ತ ಸೊಸಿ ಯಾರ ಹೊಲದಾಗಿದ್ಲು?”

ಅವನು ಪಂಚೆಯಿಂದ ಕಾಲು ಒರೆಸಿಕೊಂಡ. “ನಮ್ಮದರಾಗ. ನಾ ಬೀಳ ಅಂದಿದ್ನೇನ್ ಆಕೀಗೆ? ಎಲ್ಲಾ ಹೆಂಗಸರೂ ಕೆರಿಗೆ ಹ್ವಾದ್ರ ಕಬ್ಬಿನ ಕಳಿ ಯಾರ ತಗೀತಾರ? ಹೊಲದ ಮನ್ಯಾಗ ನಂದ ಯಂತ್ರಾ ಇತ್ತು, ಕೆರಿಗೆ ಕಳಿಸಿದೆ. ನೀ ಹುಕ್ಕೇರ್ಯಾಗ ಪಗಾರ ತಗೊಂಡ ಶ್ಲೋಕಾ ಹೇಳ್ಕೋತ ಇದ್ದಿ. ಹೊಲಾ ನೋಡಿದಾಂವ ನಾನು.”

ಆ ಮಾತು ನಿಜ. ನಿಜವಾದ್ದರಿಂದಲೇ ನನ್ನ ಸೇಡಿಗೆ ಇನ್ನಷ್ಟು ಹರಿತ ಬಂತು. ಗೋಡೆಯ ಈಚೆ ಕುಳಿತು ಓದುತ್ತಿದ್ದ ನನ್ನ ತಪ್ಪನ್ನೂ ಸೇರಿಸಿ ಅವರಿಬ್ಬರ ಮೇಲೆಯೇ ಹೊರಿಸಿದೆ.

“ಸಭಾದಾಗ ಹೇಳಬ್ಯಾಡ ಅಣ್ಣಾ. ಮನಿ ಮರ್ಯಾದಿ ಐತಿ.”

ನಾನು ಚಿತ್ರಗಳನ್ನು ಮಡಚಿ ಗ್ರಂಥದೊಳಗೆ ಇಟ್ಟೆ. ಆಗೇ ಅವನಿಗೆ ಬುದ್ಧಿ ಹೇಳಬಹುದಿತ್ತು. ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದನೇನೋ. ನಾನು ಹೇಳಲಿಲ್ಲ. ಅವನು ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದನ್ನು ನಾನು ನೋಡಬೇಕಾಗಿತ್ತು.

ವರ್ಷಕ್ಕೊಮ್ಮೆ ಈ ಕೆಲಸದ ಲೆಕ್ಕವನ್ನು ಊರ ಮುಂದೆ ಓದುವ ಗ್ರಾಮಸಭೆ ನಡೆಯುತ್ತದೆ. ಶಾಲೆಯ ಅಂಗಳದಲ್ಲಿ ಪೆಂಡಾಲ್ ಹಾಕಿದ್ದರು. ಪರಿಶೀಲನೆಗೆ ಹೊರಗಿನಿಂದ ಬಂದ ತರುಣಿ ಅಧಿಕಾರಿ ಕೆಲಸ ಕೇಳಿದ ಎಲ್ಲರಿಗೂ ಕೆಲಸ ಸಿಕ್ಕಿದೆಯೇ ಎಂದು ಕೇಳಿದರು. “ಸಿಕ್ಕೈತ್ರಿ ಮೇಡಂ” ಎಂದ ಉಸ್ತುವಾರಿಯವನು. ನಾನು ಎದ್ದೆ. ಒಂದು ಕೈಯಲ್ಲಿ ಚಿತ್ರಗಳ ಕಟ್ಟು, ಇನ್ನೊಂದರಲ್ಲಿ ಮನೆಯಿಂದ ತಂದ ಒಂದು ಸಲಿಕೆ.

“ಅಮ್ಮಾ, ಇವುಗಳ ತಾರೀಖು ಒಂದೊಂದ ಓದ್ರಿ.”

ಅವರು ತಾರೀಖು ಓದಿದರು. ನಾನು ಅಷ್ಟಮಿ ಎಂದೆ. ಮುಂದಿನದನ್ನು ಓದಿದರು. ಚತುರ್ದಶಿ ಎಂದೆ.

“ಮೇಡಂ, ಗುರುಗಳ ಪಂಚಾಂಗ ಹೇಳಾಕತ್ತಾರ. ದಕ್ಷಿಣಿ ಕೊಟ್ಟ ಕಳಸ್ರಿ” ಎಂದ ಉಸ್ತುವಾರಿಯವನು. ಹಿಂದೆ ನಕ್ಕವರೇ ಮತ್ತೆ ನಕ್ಕರು. ನಾನು ನಗು ಪೂರ್ತಿ ಮುಗಿಯಲಿ ಎಂದು ಕಾದೆ. ಅವಸರ ನನ್ನ ಸ್ವಭಾವವಲ್ಲ.

“ಅಷ್ಟಮಿ, ಚತುರ್ದಶಿ ದಿನಾ ಸಲಿಕಿ ಖಾಲಿ ಇರೂ ಮನಿ ಈ ಊರಾಗ ಯಾವದು?” ಎಂದು ಕೇಳಿದೆ.

ನಗು ನಿಂತಿತು. ಹೆಂಗಸರ ಸಾಲಿನಿಂದ ಬಾಜೂ ಮನೆಯವಳು ಎದ್ದಳು.

“ನಿಮ್ಮದ ರೀ ಕಾಕಾ.”

“ಉಳದ ದಿನಾ ಯಾರ ಹೊಲದಾಗ ಕಳಿ ತಗದ್ರಿ?”

“ಅದೂ ನಿಮ್ಮದ ರೀ. ನಿಮಗ ಹೆಂಗ ಹೇಳೂದಂತ ಸುಮ್ನಿದ್ದೆ.”

ಸಲಿಕೆಯನ್ನು ಮೇಜಿನ ಮೇಲೆ ಚಿತ್ರಗಳ ಪಕ್ಕ ಇಟ್ಟೆ. ಅಧಿಕಾರಿ ಬಗ್ಗಿ ಚುಕ್ಕೆಗಳನ್ನು ನೋಡಿ, ಯಂತ್ರದ ಗೀರುಗಳನ್ನು ನೋಡಿ, ಬರೆಯತೊಡಗಿದರು. ಉಸ್ತುವಾರಿಯವನ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಬಾಯಿಯಲ್ಲಿ ಮಣ್ಣಿದ್ದವರು ಹಾಗೆಯೇ ಕಾಣುತ್ತಾರೆ. ನನ್ನ ತಮ್ಮ ಕಂಬಕ್ಕೆ ಒರಗಿ ಕುಳಿತಿದ್ದ. ಒಮ್ಮೆ ನನ್ನತ್ತ ನೋಡಿ ತಲೆ ತಗ್ಗಿಸಿದ. ಆ ಕ್ಷಣವನ್ನು ನಾನು ಇಂದಿಗೂ ಆಗಾಗ ತೆಗೆದು ನೋಡಿಕೊಳ್ಳುತ್ತೇನೆ.

ಉಸ್ತುವಾರಿಯವನನ್ನು ತೆಗೆದರು. ಯಂತ್ರ ಮತ್ತೆ ಕೆರೆಯತ್ತ ಬರಲಿಲ್ಲ. ಸೇಡು ತೀರಿತು ಎಂದುಕೊಂಡೆ. ಆದರೆ ಆ ಚಿತ್ರಗಳ ಹಾಜರಿಯೆಲ್ಲ ರದ್ದಾಯಿತು. ನಿಂತ ಹೆಂಗಸರಿಗೂ ಏನೂ ಉಳಿಯಲಿಲ್ಲ. ಅವರಲ್ಲಿ ಹಿರಿಯಳೊಬ್ಬಳು ಬಾವಿಯ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದಳು.

“ಮಾಸ್ತರ್ರ, ನಿಮ್ಮ ಸಿಟ್ಟಿಗೆ ನಮ್ಮ ಹಾಜರಿ ಹೋತ್ರಿ. ಈಗ ನಿಮ್ಮ ತಮ್ಮಾರೂ ಕಳಿಗೆ ಕರ್ಯಾಂಗಿಲ್ಲ. ನೀವೇನ, ಪಿಂಚಣಿ ತಗೊಂಡ ಉಣ್ಣಾವ್ರು.”

ಬಾಜೂ ಮನೆಯ ಸೊಸೆಗೂ ಊರ ಕೆರೆಯ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಅಂದೇ ಜಗಲಿಯಲ್ಲಿ ಕುಳಿತು, ಬೈದವಳನ್ನೂ ಸೇರಿಸಿ, ಕೆಲಸ ಬೇಕೆನ್ನುವ ಪ್ರತಿಯೊಬ್ಬಳ ಹೆಸರಿನಲ್ಲೂ ಅರ್ಜಿ ಬರೆದೆ. ಬಾಯಿಯಲ್ಲಿ ಕೇಳಿದ ಕೆಲಸ ಗಾಳಿಗೆ ಹೋಗುತ್ತದೆ. ತಾರೀಖು ಹಾಕಿದ ಸ್ವೀಕೃತಿ ಇದ್ದರೆ ಕೊಡಲೇಬೇಕು. ಕಚೇರಿಯಲ್ಲಿ “ಇಟ್ಟ ಹೋಗ್ರಿ ಗುರುಗಳ, ಆಮ್ಯಾಲ ನೋಡೂಣು” ಎಂದರು. ಸ್ವೀಕೃತಿ ಕೊಡುವವರೆಗೆ ಬಾಗಿಲಲ್ಲೇ ಕುಳಿತೆ. ಮರುದಿನವೂ ಕುಳಿತೆ. ಮೂರನೆಯ ದಿನ ಸಾಮಾಯಿಕವನ್ನು ಅಲ್ಲೇ ಮಾಡಿದೆ. ಕೊಟ್ಟರು.

ಮಳೆಗೆ ಮುನ್ನ ಕೆರೆಯ ಕೆಲಸ ಕೈಯಿಂದಲೇ ಶುರುವಾಯಿತು. ಹೆಂಗಸರು ಬಾಜೂ ಮನೆಯವಳನ್ನೇ ಉಸ್ತುವಾರಿಗೆ ಆರಿಸಿದರು. ನಾನು ಪಡಸಾಲೆಯ ಗೂಟಗಳಿಂದ ಎಲ್ಲ ಸಲಿಕೆ, ಗುದ್ದಲಿಗಳನ್ನು ಇಳಿಸಿ, ಗಾಡಿಗೆ ಹಾಕಿಸಿ, ಕೆರೆಯ ದಂಡೆಯಲ್ಲಿ ಅವರಿಗೆ ಕೊಟ್ಟುಬಿಟ್ಟೆ. ಇನ್ನು ಅಷ್ಟಮಿಯೋ ನವಮಿಯೋ, ಅವು ಮಣ್ಣಿನೊಳಗೇ ಇರಲಿ. ಅದರ ಪಾಪ ನನಗೆ ಬರುವುದಾದರೆ ಬರಲಿ.

ಆಕೆ ಮೊಬೈಲ್ ಹಿಡಿದು ಎಲ್ಲರನ್ನೂ ನಿಲ್ಲಿಸುತ್ತಿದ್ದಳು.

“ನಾನೂ ಬಾಜೂಕ ನಿಂದ್ರಲೇನವಾ?” ಎಂದೆ.

“ನೀವು ತೋಡಾವ್ರೇನ್ರಿ ಕಾಕಾ?”

“ಇಲ್ಲ.”

“ಮತ್ತ ಆಚಿ ಸರೀರಿ.”

ಎಲ್ಲರೂ ನಕ್ಕರು. ಬೈದವಳೂ ನಕ್ಕಳು. ಹನ್ನೊಂದಕ್ಕೆ ಆಕೆ ತನ್ನ ಗುಂಡಿ ಮುಗಿಸಿ, ನನ್ನ ತಂದೆಯ ಸಲಿಕೆಯನ್ನು ಹೆಗಲಿಗೇರಿಸಿ, ಅತ್ತೆಯ ಮಗ್ಗುಲು ಬದಲಿಸಲು ಮನೆಗೆ ಹೋದಳು. ಮಧ್ಯಾಹ್ನದ ಚಿತ್ರಕ್ಕೆ ಮತ್ತೆ ಬಂದಳು. ಐದು ನಿಮಿಷದ ದಾರಿ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು, ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಬಂತು. ತಮ್ಮ ನನ್ನ ಕಾಲು ಮುಟ್ಟಿ, ಮನಸ್ಸು ಮಾತು ಕಾಯಗಳಿಂದ ತಪ್ಪಾಗಿದ್ದರೆ ಕ್ಷಮಿಸು ಎಂದ. ಆಗಿದ್ದರೆ ಎಂಬ ಮಾತು ಎಲ್ಲರೂ ಹೇಳುವ ಮಾತೇ. ಅಂದು ಮಾತ್ರ ಅದನ್ನು ನಾನು ಲೆಕ್ಕಕ್ಕೆ ಹಿಡಿದೆ. ಕ್ಷಮಿಸಿದೆ ಎಂದು ನಾಲಿಗೆಯಿಂದ ಹೇಳಿದೆ. ಕಣ್ಣು ಅವನ ತಲೆಯ ಮೇಲಿನ ಖಾಲಿ ಗೂಟಗಳ ಮೇಲಿತ್ತು.

“ಹೊಸಾ ಸಲಿಕಿ ತರ್ತೇನಿ ಅಣ್ಣಾ, ಗ್ವಾಡಿ ಬರೀದ ಕಾಣಾಕತ್ತೈತಿ.”

“ಹೊಲದ ಮನ್ಯಾಗ ಇಡು. ಈ ಗೂಟಕ್ಕ ಬ್ಯಾಡ.”

ನಾನು ಈ ಮನೆಯ ಹಿರಿಯ. ನಾನಿರುವವರೆಗೆ ಆ ಗೂಟಗಳು ಖಾಲಿ ಇರುತ್ತವೆ. ಪ್ರತಿ ಚತುರ್ದಶಿಯಂದು ಅವನು ಅವುಗಳ ಕೆಳಗೆ ಕುಳಿತು ಊಟ ಮಾಡುತ್ತಾನೆ.

ಈಗ ನನ್ನ ಹರಕೆ. ತೋಡಿದ ಕೈಗಳಿಗೆ ಬಲವಿರಲಿ. ತೋಡದೆ ನಿಂತ ದಿನಗಳ ನಾಚಿಕೆ ಆ ಕೈಗಳನ್ನು ಬಿಡಲಿ. ಬಾವಿಯ ಹತ್ತಿರ ನನ್ನನ್ನು ಬೈದವಳಿಗೆ ಬೈಯುವ ಧೈರ್ಯ ಬತ್ತದಿರಲಿ. ತಾರೀಖು ಓದಿದ ಅಧಿಕಾರಿಗೆ ಒಳ್ಳೆಯದಾಗಲಿ. ಬಾಜೂ ಮನೆಯ ಹಿರಿಯಕ್ಕನಿಗೆ ಮಧ್ಯಾಹ್ನದ ನೀರು ಎಂದೂ ತಪ್ಪದಿರಲಿ. ಆ ಉಸ್ತುವಾರಿಯವನಿಗೆ ಕೆಲಸ ಸಿಗಲಿ, ಕೈ ಬೊಬ್ಬೆ ಏಳುವಂಥ ಕೆಲಸ, ಅದೂ ನಡೆದು ಹೋಗುವಷ್ಟು ದೂರದಲ್ಲಿ. ನನ್ನ ತಮ್ಮನಿಗೆ ದೀರ್ಘಾಯುಷ್ಯವಿರಲಿ; ಆ ಗೂಟಗಳನ್ನು ನೋಡುತ್ತ ನೋಡುತ್ತ ಒಂದು ದಿನ ಅವನೇ ಎದ್ದು ಕೆರೆಗೆ ನಡೆಯುವಷ್ಟು ದೀರ್ಘ. ಅಂದು ಅವನನ್ನು ನಾಲಿಗೆಯಿಂದಲ್ಲದೆ ಕ್ಷಮಿಸುವ ಶಕ್ತಿ ನನಗೂ ದೊರೆಯಲಿ. ಎಲ್ಲರಿಗೂ ಮಂಗಳವಾಗಲಿ.